ಗೆಳತಿ ಮತ್ತೆ ಅದೇ ಮನೆಗೆ ಹೋದಳು, ಈಗ ನಾವೇನು ಮಾಡಬೇಕು?

ಹೊಂಗೆಮರ:
ನನ್ನ ಗೆಳತಿಗೆ ಗಂಡ ಹೊಡೆಯುತ್ತಾನೆ. ವರ್ಷಗಳಿಂದ ನಡೆಯುತ್ತಿದೆ. ಹೋದ ತಿಂಗಳು ಮನೆ ಬಿಟ್ಟು ಬಂದಳು. ನಾವೆಲ್ಲ ಸೇರಿ ಇರಲು ಜಾಗ ನೋಡಿದೆವು, ವಕೀಲರ ಹತ್ತಿರವೂ ಮಾತಾಡಿದೆವು. ಮೊನ್ನೆ ವಾಪಸ್ ಹೋಗಿಬಿಟ್ಟಳು. ಈಗ ನಮ್ಮ ಗೆಳೆಯರ ಬಳಗದಲ್ಲೇ ಜಗಳ. "ಅವಳಿಗೇ ಬೇಡ ಅಂದಮೇಲೆ ನಮಗ್ಯಾಕೆ" ಅಂತ ಕೆಲವರು. ನನಗೆ ಕೈ ಬಿಡಲು ಮನಸ್ಸಿಲ್ಲ, ಮುಂದೇನು ಅಂತಲೂ ತೋಚುತ್ತಿಲ್ಲ.

ಪಯಣಿಗ:
ನಿಮ್ಮ ಗೆಳೆಯರು ಹೇಳುವುದರಲ್ಲೂ ಅರ್ಥವಿದೆ. ಒಂದೋ ಅವಳು ಒಪ್ಪಲಿ ಬಿಡಲಿ, ಪೊಲೀಸರಿಗೆ ದೂರು ಕೊಟ್ಟುಬಿಡಿ. ಇಲ್ಲವಾದರೆ ದೂರ ಇರಿ. ಅರ್ಧಂಬರ್ಧ ಸಹಾಯದಿಂದ ಯಾರಿಗೂ ಪ್ರಯೋಜನವಿಲ್ಲ.

ಸೀತಾಳೆ:
ಪಯಣಿಗ ಅವರೇ, ಇದನ್ನು ನಾನು ಒಪ್ಪುವುದಿಲ್ಲ. ಇಂಥ ಹೆಣ್ಣುಮಕ್ಕಳ ಜೊತೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ, ವಾಪಸ್ ಹೋಗುವುದು ತುಂಬಾ ಸಾಮಾನ್ಯ. ಕೈಯಲ್ಲಿ ದುಡ್ಡಿರುವುದಿಲ್ಲ, ಮಕ್ಕಳ ಶಾಲೆ ಇರುತ್ತದೆ, ಅವನು ಅಳುತ್ತಾ ಫೋನ್ ಮಾಡುತ್ತಾನೆ, ಮನೆಯವರು "ಇನ್ನೊಂದು ಸಲ ಹೊಂದಿಕೊಂಡು ನೋಡು" ಅನ್ನುತ್ತಾರೆ, ಇದೆಲ್ಲದರ ಮೇಲೆ ಭಯ. ಆ ಭಯ ಸುಳ್ಳಲ್ಲ. ಬಿಟ್ಟು ಬರುವ ಹೊತ್ತೇ ಜಾಸ್ತಿ ಅಪಾಯದ ಹೊತ್ತು. ಅಮೆರಿಕದ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ನರ್ಸಿಂಗ್ ಸಂಶೋಧಕಿ 1980ರ ದಶಕದಲ್ಲೇ ಅಪಾಯ ಅಂದಾಜು ಮಾಡಲು ಒಂದು ಪ್ರಶ್ನಾವಳಿ ಮಾಡಿದ್ದಾರೆ. ಕೊಲ್ಲುತ್ತೇನೆ ಅಂದಿದ್ದಾನಾ, ಮನೆಯಲ್ಲಿ ಬಂದೂಕು ಇದೆಯಾ, ಕತ್ತು ಹಿಸುಕಿದ್ದಾನಾ, ಈಚೆಗೆ ಅವನನ್ನು ಬಿಟ್ಟು ಬಂದಿದ್ದಳಾ, ಇಂಥ ಪ್ರಶ್ನೆಗಳು. ಕತ್ತು ಹಿಸುಕಿದ್ದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಅವಳನ್ನು ಕೇಳದೆ ದೂರು ಕೊಟ್ಟರೆ, ರಾತ್ರಿ ಆ ಮನೆಯಲ್ಲಿ ಅವನ ಎದುರು ನಿಲ್ಲುವವಳು ಅವಳು, ನಾವಲ್ಲ.

ಪಯಣಿಗ:
ನಾಳೆ ಅವಳ ಜೀವಕ್ಕೇ ಏನಾದರೂ ಆದರೆ? ಪಕ್ಕದ ಮನೆಯಲ್ಲಿ ಚೀರಾಟ ಕೇಳಿದರೂ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅಂತ ಬಾಗಿಲು ಹಾಕಿಕೊಳ್ಳುವವರನ್ನು ನೋಡಿ ನೋಡಿ ಸಾಕಾಗಿದೆ ನನಗೆ. "ಅವಳ ನಿರ್ಧಾರ" ಅನ್ನುವುದೂ ಅದೇ ದಾರಿ ಹಿಡಿಯುತ್ತದೆ.

ಸೀತಾಳೆ:
ಆ ಸಿಟ್ಟು ನನಗೂ ಇದೆ. ಹೊಡೆತ ನಡೆಯುತ್ತಿರುವಾಗ ಯಾರ ಒಪ್ಪಿಗೆಯೂ ಬೇಕಿಲ್ಲ, ಪೊಲೀಸರಿಗೆ ಫೋನ್ ಮಾಡಿ. ಮಕ್ಕಳಿಗೆ ಹೊಡೆಯುತ್ತಿದ್ದರೂ ಅಷ್ಟೇ. ಉಳಿದ ದಿನಗಳ ಮಾತು ಬೇರೆ. ಯಾರ ಜೊತೆ ಮಾತಾಡಬೇಕು, ಎಷ್ಟು ಖರ್ಚು ಮಾಡಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಅಂತ ವರ್ಷಗಟ್ಟಲೆ ಅವನೇ ತೀರ್ಮಾನ ಮಾಡಿದ್ದಾನೆ. ಈಗ ನಾವೂ ಅವಳ ಪರವಾಗಿ ತೀರ್ಮಾನ ಮಾಡಲು ಹೊರಟರೆ ನಮ್ಮ ಹತ್ತಿರವೂ ಬಾಯಿ ಬಿಡುವುದಿಲ್ಲ.

ಗುಬ್ಬಿ:
ನಾನು ಅಂಥ ಮನೆಯಿಂದ ಹೊರಗೆ ಬಂದವಳು. ನಡುವೆ ವಾಪಸ್ ಹೋಗಿದ್ದೂ ಇದೆ. ಹಾಗೆ ಹೋದಾಗೆಲ್ಲ ಗೆಳತಿಯರು ಕಡಿಮೆಯಾಗುತ್ತಾ ಬಂದರು, ಒಬ್ಬಳು ಮಾತ್ರ ಉಳಿದಳು. ಬಿಟ್ಟು ಬಾ ಅಂತ ಅವಳು ಒತ್ತಾಯ ಮಾಡಲೇ ಇಲ್ಲ. ಸುಮ್ನೆ ಫೋನ್ ಮಾಡುತ್ತಿದ್ದಳು. ಅವನು ಪಕ್ಕದಲ್ಲಿದ್ದರೆ ನಾನು "ಆ ಪುಸ್ತಕ ಇನ್ನೂ ಓದಿಲ್ಲ ಕಣೇ" ಅನ್ನಬೇಕು ಅಂತ ಮಾತಾಗಿತ್ತು, ಅದು ಕಿವಿಗೆ ಬಿದ್ದ ಕೂಡಲೇ ಬೇರೆ ಏನೋ ಮಾತು ತೆಗೆಯುತ್ತಿದ್ದಳು. ನನ್ನ ಸರ್ಟಿಫಿಕೇಟು, ಬ್ಯಾಂಕ್ ಪುಸ್ತಕ, ಮಗುವಿನ ಜನನ ಪತ್ರ, ಒಂದು ಜೊತೆ ಬಟ್ಟೆ, ಎಲ್ಲ ಒಂದೊಂದಾಗಿ ಅವಳ ಮನೆ ಸೇರಿದವು. ನನ್ನ ಫೋನಿನ ಲೊಕೇಶನ್ ಅವನಿಗೆ ಕಾಣುತ್ತಿತ್ತು, ಅದಕ್ಕೆ ಹೊರಟ ದಿನ ಫೋನನ್ನು ಮನೆಯಲ್ಲೇ ಬಿಟ್ಟೆ. ಪಯಣಿಗ ಅವರೇ, ಇದನ್ನು ಅರ್ಧಂಬರ್ಧ ಸಹಾಯ ಅನ್ನಬೇಡಿ ದಯವಿಟ್ಟು.

ಇನ್ನೊಂದು ಮಾತು. ಹೊಡೆತದ ಬಗ್ಗೆ ಎಲ್ಲರೂ ಕೇಳುತ್ತಾರೆ, ಮಲಗುವ ಕೋಣೆಯಲ್ಲಿ ನಡೆದ ಬಲವಂತದ ಬಗ್ಗೆ ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಹೇಳಿದಾಗ ಒಬ್ಬರು "ಕಿರುಚಲಿಲ್ಲ ಯಾಕೆ" ಅಂದರು. ಮೈಯೆಲ್ಲ ಮರಗಟ್ಟಿ ಹೋಗಿತ್ತು, ದನಿಯೇ ಹೊರಡಲಿಲ್ಲ.

ಬೆಳ್ಳಕ್ಕಿ:
ಗುಬ್ಬಿ ಅವರೇ, ಹೆದರಿಕೆಗೆ ಮೈ ಮರಗಟ್ಟುವುದು ದೇಹ ತಾನಾಗಿ ಮಾಡುವ ಕೆಲಸ. ಅದು ಒಪ್ಪಿಗೆ ಅಲ್ಲವೇ ಅಲ್ಲ. ನಾನು ನರ್ಸ್. ಎಲ್ಲರಿಗೂ ಒಂದು ವಿಷಯ ಗೊತ್ತಿರಲಿ, ಬಲಾತ್ಕಾರ ಆದಮೇಲೆ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಗೂ ಬೇಗ ಹೋಗಬೇಕು, 5 ದಿನದವರೆಗೆ ಅವಕಾಶವಿದೆ. ದೂರಿನ ವಿಷಯ ಆಮೇಲೆ ಯೋಚಿಸಬಹುದು, ಚಿಕಿತ್ಸೆಗೆ ಕಾಯಬಾರದು. ಆ ದಿನದ ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿ ಎತ್ತಿಟ್ಟರೆ ಮುಂದೆ ಸಾಕ್ಷ್ಯಕ್ಕೆ ಬರುತ್ತದೆ. ಇದೆಲ್ಲ ಯಾರಿಗೋ ಆಗುವುದು ಅಂದುಕೊಳ್ಳಬೇಡಿ. ಪ್ರಪಂಚದಲ್ಲಿ ಸುಮಾರು ಮೂವರಲ್ಲಿ ಒಬ್ಬ ಹೆಂಗಸು ಬದುಕಿನಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಸಿಕ್ಕಿರುತ್ತಾಳೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಪಯಣಿಗ:
ಗುಬ್ಬಿ ಅವರೇ, ನಿಮ್ಮ ಗೆಳತಿ ಮಾಡಿದ್ದು ದೊಡ್ಡ ಕೆಲಸ. ಆದರೆ ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಜೊತೆಗಿದ್ದವರೂ ಸೋತು ಹೋಗುತ್ತಾರೆ, ಆ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಸೀತಾಳೆ:
ತೆಗೆದುಕೊಳ್ಳಬೇಡಿ, ಅದು ನಿಜ. ಅದಕ್ಕೇ ಎಲ್ಲವನ್ನೂ ಒಬ್ಬರೇ ಹೊರಬಾರದು. ಒಬ್ಬರು ಕಾಗದಪತ್ರ ಇಟ್ಟುಕೊಳ್ಳಲಿ, ಒಬ್ಬರು ರಾತ್ರಿ ಫೋನ್ ಎತ್ತಲಿ, ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳಲಿ. ಸಹಾಯವಾಣಿಗೆ ಜೊತೆಗಿರುವವರೂ ಫೋನ್ ಮಾಡಿ ಸಲಹೆ ಕೇಳಬಹುದು.

ಹೊಂಗೆಮರ:
ಎಲ್ಲರಿಗೂ ಥ್ಯಾಂಕ್ಸ್. "ನಿನ್ನ ಮೇಲೆ ಕೋಪ ಇಲ್ಲ, ಯಾವಾಗ ಬೇಕಾದರೂ ಬಾ" ಅಂತ ಅವಳಿಗೆ ಇವತ್ತೇ ಮೆಸೇಜ್ ಹಾಕಲಾ?

ಗುಬ್ಬಿ:
ಮೆಸೇಜ್ ಬೇಡ! ಅವನು ಓದುತ್ತಾನೆ. ಅವಳೊಬ್ಬಳೇ ಸಿಗುವ ಜಾಗದಲ್ಲಿ ಬಾಯಲ್ಲೇ ಹೇಳಿ.

ಹೊಂಗೆಮರ:
ಸರಿ. ನಾಳೆ ಅವಳು ಕೆಲಸ ಮಾಡುವ ಕಡೆ ಊಟದ ಹೊತ್ತಿಗೆ ಹೋಗುತ್ತೇನೆ. ಯಾಕೆ ವಾಪಸ್ ಹೋದೆ ಅಂತ ಕೇಳುವುದಿಲ್ಲ. ಕತ್ತು ಹಿಸುಕಿದ್ದನಾ ಅಂತ ಮಾತ್ರ ಕೇಳಲೇಬೇಕು.