ಪದಚರ್ಚೆ: ‘ಅಡ್ಮಿನ್’ಗೆ ಕನ್ನಡದಲ್ಲಿ ಒಂದೇ ಪದ ಸಾಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನೇಕಾರರ ಸಹಕಾರ ಸಂಘಗಳ ಸಿಬ್ಬಂದಿಗಾಗಿ ಫೇಸ್‌ಬುಕ್ ಪೇಜ್ ನೋಡಿಕೊಳ್ಳುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ‘ಅಡ್ಮಿನ್’ ಅನ್ನುವಲ್ಲಿ ‘ನಿರ್ವಾಹಕ’ ಎಂದು ಬರೆದರೆ ಓದುವವರ ಕಣ್ಣಿಗೆ ಬಸ್ ಕಂಡಕ್ಟರ್ ಬರುತ್ತಾರೆ. ‘ಆಡಳಿತಾಧಿಕಾರಿ’ ಎಂದರಂತೂ ಸಂಘದ ಆಡಳಿತ ಮಂಡಳಿ ಇಲ್ಲದಾಗ ಸರ್ಕಾರ ನೇಮಿಸುವವರು ಎಂದೇ ಅರ್ಥ. ‘ಫುಲ್ ಕಂಟ್ರೋಲ್’ ಅನ್ನುವುದಕ್ಕೆ ‘ಪೂರ್ಣ ನಿಯಂತ್ರಣ’, ‘ಆಕ್ಸೆಸ್’ಗೆ ‘ಪ್ರವೇಶ’ ಎಂದು ಸದ್ಯಕ್ಕೆ ಹಾಕಿದೆ. ಇವು ನಿಲ್ಲುತ್ತವೆಯೇ? ‘ಅಡ್ಮಿನ್ ತೆಗೆಯುವುದು’ ಎಂಬ ಅಧ್ಯಾಯದ ಹೆಸರು ಸರಿಯೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ನಮಸ್ಕಾರ. ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲಿ. ನಮ್ಮ ‘ತೆಗೆ’ ಎರಡು ದಿಕ್ಕಿಗೆ ಹೋಗುವ ಕ್ರಿಯಾಪದ. ಬಾಗಿಲು ತೆಗೆ, ಅಂಗಡಿ ತೆಗೆ ಎಂದರೆ ತೆರೆ. ಕಸ ತೆಗೆ, ಪಟ್ಟಿಯಿಂದ ಹೆಸರು ತೆಗೆ ಎಂದರೆ ಇಲ್ಲವಾಗಿಸು. ಹಾಗಾಗಿ ‘ಹಳೇ ಪೇಜ್ ತೆಗೆಯಿರಿ’ ಎಂದು ಬರೆದರೆ ಒಬ್ಬರು ಅದನ್ನು ತೆರೆದು ನೋಡುತ್ತಾರೆ, ಇನ್ನೊಬ್ಬರು ಅಳಿಸಿಬಿಡುತ್ತಾರೆ. ಕೈಪಿಡಿಯುದ್ದಕ್ಕೂ ಮೂರು ಬೇರೆ ಕ್ರಿಯಾಪದ ಇಟ್ಟುಕೊಳ್ಳಿ: ಪೇಜನ್ನು ತೆರೆ, ಪೇಜನ್ನು ಅಳಿಸು, ವ್ಯಕ್ತಿಯ ಅಧಿಕಾರವನ್ನು ಹಿಂಪಡೆ. ಅಧ್ಯಾಯದ ಹೆಸರು ‘ಅಧಿಕಾರ ಹಿಂಪಡೆಯುವುದು’ ಎಂದಿರಲಿ.

‘ಪೂರ್ಣ ನಿಯಂತ್ರಣ’ ಬೇಡವೇ ಬೇಡ. ಬೆಲೆ ನಿಯಂತ್ರಣ, ಕಳೆ ನಿಯಂತ್ರಣ, ಸಂಚಾರ ನಿಯಂತ್ರಣ ಎಂದು ಓದಿ ಬಂದವರಿಗೆ ನಿಯಂತ್ರಣ ಎಂದರೆ ಕಡಿವಾಣ. ‘ಇವರಿಗೆ ಪೂರ್ಣ ನಿಯಂತ್ರಣ ಇದೆ’ ಎಂಬ ವಾಕ್ಯವನ್ನು ‘ಇವರಿಗೆ ಎಲ್ಲಕ್ಕೂ ತಡೆ ಇದೆ’ ಎಂದು ಓದಿದರೆ ತಪ್ಪು ಓದಿದವರದಲ್ಲ. ‘ಪೂರ್ಣ ಅಧಿಕಾರ’, ‘ಸೀಮಿತ ಅಧಿಕಾರ’ ಎಂದರೆ ಗೊಂದಲವಿಲ್ಲ. ‘ಪ್ರವೇಶ’ವೂ ಸಾಲದು. ಪೇಜಿನೊಳಗೆ ಯಾರು ಬೇಕಾದರೂ ಬಂದು ನೋಡಬಹುದು. ಇಲ್ಲಿ ಮಾತು ಒಳಗೆ ಏನು ಮಾಡಬಹುದು ಎಂಬುದರದ್ದು.

ಇನ್ನು ‘ಅಡ್ಮಿನ್’. ಜನ ‘ಅವನು ಅಡ್ಮಿನ್’ ಎನ್ನುವಷ್ಟೇ ಸಲೀಸಾಗಿ ‘ನನಗೂ ಅಡ್ಮಿನ್ ಕೊಡಿ’ ಎನ್ನುತ್ತಾರೆ. ಮೊದಲನೆಯದರಲ್ಲಿ ಅದು ಆಳಿನ ಹೆಸರು, ಎರಡನೆಯದರಲ್ಲಿ ಹಕ್ಕಿನ ಹೆಸರು. ಕೊಡುವವರು ಎಷ್ಟು ಕೊಡಬೇಕು ಎಂದು ಯೋಚಿಸದೆ ಎಲ್ಲವನ್ನೂ ಕೊಡುವುದಕ್ಕೆ ಈ ಬೆರಕೆಯೂ ಒಂದು ಕಾರಣ ಎಂದು ನನ್ನ ನಂಬಿಕೆ. ಹಳೆಯ ಪೇಜುಗಳಲ್ಲಿ ಅಡ್ಮಿನ್, ಎಡಿಟರ್, ಮಾಡರೇಟರ್, ಅಡ್ವರ್ಟೈಸರ್, ಅನಲಿಸ್ಟ್ ಎಂದು ವ್ಯಕ್ತಿಗೆ ಪಾತ್ರ ಕೊಡುತ್ತಿದ್ದರು. 2021ರಲ್ಲಿ ಬಂದ ಹೊಸ ಮಾದರಿಯ ಪೇಜುಗಳಲ್ಲಿ ಆ ಪಾತ್ರಗಳು ಹೋಗಿ ‘ಫೇಸ್‌ಬುಕ್ ಆಕ್ಸೆಸ್’, ‘ಟಾಸ್ಕ್ ಆಕ್ಸೆಸ್’ ಎಂಬ ಎರಡು ಬಗೆ ಬಂದವು. ಮೊದಲನೆಯದಿದ್ದವರು ಪೇಜಿನ ಹೆಸರಿಗೆ ಬದಲಾಯಿಸಿಕೊಂಡು ಫೇಸ್‌ಬುಕ್ಕಿನಲ್ಲೇ ಕೆಲಸ ಮಾಡಬಹುದು. ಅದರಲ್ಲಿ ಪೂರ್ಣ, ಸೀಮಿತ ಎಂಬ ಭೇದವುಂಟು. ಇನ್ನೊಬ್ಬರನ್ನು ಸೇರಿಸುವುದು, ಹೊರಹಾಕುವುದು, ಪೇಜನ್ನೇ ಅಳಿಸುವುದು ಪೂರ್ಣ ಅಧಿಕಾರದವರಿಗೆ ಮಾತ್ರ. ಟಾಸ್ಕ್ ಆಕ್ಸೆಸ್ ಇದ್ದವರು ಬಿಸಿನೆಸ್ ಸೂಟ್, ಆಡ್ಸ್ ಮ್ಯಾನೇಜರ್ ಥರದ ಸಾಧನಗಳ ಮೂಲಕ ಪೋಸ್ಟ್, ಮೆಸೇಜ್, ಜಾಹೀರಾತು ಹೀಗೆ ವಹಿಸಿದ ಕೆಲಸವನ್ನಷ್ಟೇ ಮಾಡಬಲ್ಲರು. ಇದಕ್ಕೆ ‘ಕೆಲಸದ ಅನುಮತಿ’ ಎನ್ನಿ. ‘ಅಡ್ಮಿನ್’ ಎಂಬ ಪದವನ್ನು ಪೂರ್ಣ ಅಧಿಕಾರ ಉಳ್ಳ ವ್ಯಕ್ತಿಗೆ ಮಾತ್ರ ಮೀಸಲಿಡಿ, ಹಕ್ಕಿಗೆ ಎಂದೂ ಬಳಸಬೇಡಿ. ಕನ್ನಡ ವಿಕಿಪೀಡಿಯದಲ್ಲಿ ‘ನಿರ್ವಾಹಕ’ ರೂಢಿಯಾಗಿದೆ ನಿಜ, ಅಲ್ಲಿ ಬಸ್ಸಿನ ಪ್ರಸಂಗವಿಲ್ಲ. ಸಂಘದ ಗುಮಾಸ್ತರಿಗೆ ‘ಅಡ್ಮಿನ್’ ಎಂದರೇ ತಿಳಿಯುತ್ತದೆ.

ಹಂತಗಳನ್ನು ಬರೆಯುವಾಗ ಪರದೆಯ ಮೇಲಿನ ಪದ ಹಾಗೇ ಇರಲಿ, ವಿವರಣೆ ಕನ್ನಡದಲ್ಲಿರಲಿ: ಪೇಜಿನ ಹೆಸರಿಗೆ ಬದಲಾಯಿಸಿಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ‘ಪೇಜ್ ಆಕ್ಸೆಸ್’ ತೆರೆಯಿರಿ, ‘ಆ್ಯಡ್ ನ್ಯೂ’ ಒತ್ತಿ, ಹೆಸರು ಹುಡುಕಿ ಆರಿಸಿ. ಪೂರ್ಣ ಅಧಿಕಾರಕ್ಕೆ ಬೇರೆ ಗುಂಡಿ ಇದೆ. ಬೇಕಿಲ್ಲದಿದ್ದರೆ ಅದನ್ನು ಮುಟ್ಟಬೇಡಿ. ನಿಮ್ಮ ಪಾಸ್‌ವರ್ಡ್ ಕೊಟ್ಟ ಮೇಲೆ ಆಹ್ವಾನ ಹೋಗುತ್ತದೆ. ಎದುರಿನವರು ಒಪ್ಪಿಕೊಳ್ಳುವ ತನಕ ಅಧಿಕಾರ ಕೊಟ್ಟಂತಲ್ಲ. ‘ಸೇರಿಸಿದೆ’, ‘ಆಹ್ವಾನಿಸಿದೆ’ ಎಂಬ ಎರಡನ್ನು ಬೆರೆಸಬೇಡಿ. ಪೂರ್ಣ ಅಧಿಕಾರದವರು ಕನಿಷ್ಠ ಇಬ್ಬರಿರಲಿ. ಒಬ್ಬರೇ ಇದ್ದು ಅವರ ಖಾತೆ ಮುಚ್ಚಿಹೋದರೆ ಇನ್ನೊಬ್ಬರನ್ನು ಸೇರಿಸುವವರೇ ಇರುವುದಿಲ್ಲ. ಹಾಗೆಂದು ಸಂಘದ ಹೆಸರಲ್ಲಿ ಒಂದು ನಕಲಿ ವೈಯಕ್ತಿಕ ಖಾತೆ ತೆರೆದು ಎಲ್ಲರೂ ಅದರ ಪಾಸ್‌ವರ್ಡ್ ಹಂಚಿಕೊಳ್ಳುವ ಅಭ್ಯಾಸವನ್ನು ಕೈಪಿಡಿ ಖಂಡಿತ ತಡೆಯಬೇಕು. ಅದು ಫೇಸ್‌ಬುಕ್ಕಿನ ನಿಯಮಕ್ಕೆ ವಿರುದ್ಧ, ಖಾತೆ ನಿಂತಿತೆಂದರೆ ಪೇಜೂ ಕೈತಪ್ಪುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪದ ‘ಒಡೆತನ’. ಪಹಣಿ ನೋಡಿದವರಿಗೆ ಇದು ತಕ್ಷಣ ಹಿಡಿಯುತ್ತದೆ: ಕಾಲಂ 9ರಲ್ಲಿ ಮಾಲೀಕರ ಹೆಸರು, ಕಾಲಂ 12ರಲ್ಲಿ ಸಾಗುವಳಿ ಮಾಡುವವರ ಹೆಸರು. ಒಂದು ಸಂಸ್ಥೆಯ ಪೇಜು, ಜಾಹೀರಾತು ಖಾತೆಗಳನ್ನೆಲ್ಲ ಒಂದೆಡೆ ಇಡುವ ಫೇಸ್‌ಬುಕ್ಕಿನ ವ್ಯವಸ್ಥೆಗೆ ‘ಬಿಸಿನೆಸ್ ಪೋರ್ಟ್‌ಫೋಲಿಯೊ’ ಎಂದು ಹೆಸರು. ಪೇಜ್ ಯಾವ ಪೋರ್ಟ್‌ಫೋಲಿಯೊಗೆ ಸೇರಿದೆಯೋ ಅದು ಕಾಲಂ 9. ಜಾಹೀರಾತು ಏಜೆನ್ಸಿಗೆ ‘ಪಾರ್ಟ್ನರ್’ ಆಗಿ ಕೊಡುವುದು ಕಾಲಂ 12. ಪೇಜಿನ ಒಡೆತನ ಒಂದು ಹೊತ್ತಿಗೆ ಒಂದೇ ಪೋರ್ಟ್‌ಫೋಲಿಯೊದ್ದು. ಏಜೆನ್ಸಿಯವರು ಪೇಜನ್ನು ತಮ್ಮ ಪೋರ್ಟ್‌ಫೋಲಿಯೊಗೆ ಸೇರಿಸಿಕೊಂಡರೆ, ಅವರೇ ಬಿಟ್ಟುಕೊಡುವ ತನಕ ಸಂಘ ಅದನ್ನು ತನ್ನದರಲ್ಲಿ ಸೇರಿಸಲಾಗದು. ಆದ್ದರಿಂದ ಸಂಘವೇ ಮೊದಲು ಪೋರ್ಟ್‌ಫೋಲಿಯೊ ತೆರೆದು ಪೇಜನ್ನು ಅದಕ್ಕೆ ಸೇರಿಸಲಿ, ಆಮೇಲೆ ಏಜೆನ್ಸಿಯ ಬಿಸಿನೆಸ್ ಐಡಿ (ಅವರ ಪೋರ್ಟ್‌ಫೋಲಿಯೊದ ಗುರುತಿನ ಸಂಖ್ಯೆ) ಪಡೆದು ಬೇಕಾದ ಕೆಲಸಗಳಿಗಷ್ಟೇ ಅನುಮತಿ ಕೊಡಲಿ. ಅಧಿಕಾರ ಹಿಂಪಡೆಯುವಾಗಲೂ ಎರಡು ಕಡೆ ನೋಡಬೇಕು: ಪೇಜ್ ಆಕ್ಸೆಸ್ ಪಟ್ಟಿ, ಪೋರ್ಟ್‌ಫೋಲಿಯೊದ ಜನರ ಮತ್ತು ಪಾರ್ಟ್ನರ್‌ಗಳ ಪಟ್ಟಿ. ಒಂದರಲ್ಲಿ ಹೆಸರು ಹೋದರೂ ಇನ್ನೊಂದರಲ್ಲಿ ಉಳಿದಿರಬಹುದು. ಇನ್‌ಸ್ಟಾಗ್ರಾಂ ಜೋಡಿಸಿದ್ದರೆ ಅದರ ಪಾಸ್‌ವರ್ಡ್ ಬೇರೆಯೇ ಬದಲಿಸಬೇಕು.

ಉತ್ತರ 2

‘ನಿಯಂತ್ರಣ’ದ ಬಗ್ಗೆ ಮೇಲಿನವರು ಹೇಳಿದ್ದು ಒಪ್ಪಿಗೆ. ಕೆಲಸ ಬಿಟ್ಟುಹೋಗುವವರು ವಹಿಸಿಕೊಡುವುದಕ್ಕೆ ನಮ್ಮ ಕಚೇರಿಗಳಲ್ಲಿ ‘ಪ್ರಭಾರ ವಹಿಸಿಕೊಡು’ ಎಂಬ ಮಾತು ಆಗಲೇ ಇದೆ, ಅದನ್ನು ಬಳಸಿ. ಆದರೆ ‘ಪ್ರಭಾರಿ’ ಎಂದರೆ ತಾತ್ಕಾಲಿಕ ಎಂಬ ಛಾಯೆ ಇದೆ, ಅಡ್ಮಿನ್‌ಗೆ ಅದು ಬೇಡ.

ಸಂಘದ ಮಾರಾಟ ಮಳಿಗೆಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟದಲ್ಲೂ ಮ್ಯಾಪಿನಲ್ಲೂ ಕಾಣುವ ಅಂಗಡಿಯ ವಿವರ) ಇದ್ದರೆ ಅಲ್ಲಿನ ಪದಗಳೂ ಬೇಕಾಗುತ್ತವೆ: ಪ್ರೈಮರಿ ಓನರ್, ಓನರ್, ಮ್ಯಾನೇಜರ್. ಪ್ರೈಮರಿ ಓನರ್ ಅನ್ನುವುದಕ್ಕೆ ‘ಮೂಲ ಮಾಲೀಕ’ ಎನ್ನಬೇಡಿ, ಮೊದಲು ತೆರೆದವರು ಎಂಬ ಅರ್ಥ ಬರುತ್ತದೆ. ಆ ಸ್ಥಾನ ಇನ್ನೊಬ್ಬ ಓನರ್‌ಗೆ ವರ್ಗವಾಗಬಲ್ಲದು, ಹಾಗಾಗಿ ‘ಮುಖ್ಯ ಮಾಲೀಕ’. ವರ್ಗಾಯಿಸದೆ ಅವರು ತಾವಾಗಿ ಹೊರಬರಲಾರರು. ಹೊಸದಾಗಿ ಸೇರಿದ ಓನರ್ ಮೊದಲ 7 ದಿನ ಬೇರೆಯವರನ್ನು ಹೊರಹಾಕಲಾಗದು, ಮುಖ್ಯ ಮಾಲೀಕತ್ವ ವರ್ಗಾಯಿಸಲೂ ಆಗದು. ಆದ್ದರಿಂದ ‘ಕೊನೆಯ ದಿನ ಪ್ರಭಾರ ವಹಿಸಿಕೊಡಿ’ ಎಂದು ಬರೆಯದೆ, ‘ಬಿಡುವ ದಿನಕ್ಕೆ ಹತ್ತು ದಿನ ಮುಂಚೆ ಹೊಸಬರನ್ನು ಸೇರಿಸಿ’ ಎಂದು ಬರೆಯಿರಿ.