ಮೀನು ದುಂಡಗೆ, ಗಿಡ ಪೀಚು

ನವನಗರದ ಬಸು ಮನೆಗೆ ಹೋದರೆ ಮೊದಲೆಲ್ಲ ಕೂತ ತಕ್ಷಣ ಚಹಾ ಬರುತ್ತಿತ್ತು. ಈಗ ಮೀನಿನ ಟ್ಯಾಂಕ್ ತೋರಿಸುತ್ತಾನೆ, ಚಹಾ ಆಮೇಲೆ, ನೆನಪಾದರೆ. ಭಾನುವಾರ ನಾನು, ಈರಣ್ಣ, ಮಾಸ್ತರು ಅದರ ಮುಂದೆ ಪಂಚಾಯಿತಿ ಕೂಡಿದ್ದೆವು. ಗಪ್ಪಿ ಮೀನುಗಳು ಉಂಡು ತೇಗುವ ಹಾಗೆ ದುಂಡಗಿದ್ದವು. ಟ್ಯಾಂಕಿನೊಳಗಿನ ಗಿಡಗಳು ಮಾತ್ರ ಸಂತೆ ಮುಗಿದ ಮೇಲೆ ಉಳಿದ ಸೊಪ್ಪಿನಂತೆ.

"ಏನು ಹಾಕಲಿ ಹೇಳ್ರಿ?" ಎಂದ ಬಸು.

ಈರಣ್ಣ ಮುಧೋಳದ ಹತ್ತಿರ ಕಬ್ಬು ಬೆಳೆಯುವವನು. ಅವನ ಹತ್ತಿರ ಎಲ್ಲದಕ್ಕೂ ಒಂದೇ ಮದ್ದು. "ಯೂರಿಯಾ ಹಾಕಪಾ. ವಾರದಲ್ಲಿ ಮುಚ್ಚಳ ಎತ್ತಿಕೊಂಡು ಬರುತ್ತೆ."

"ಗಿಡ ಮೇಲೆ ಬರುತ್ತೆ, ಮೀನೂ ಮೇಲೆ ಬರುತ್ತವೆ, ಹೊಟ್ಟೆ ಮೇಲಾಗಿ," ಎಂದರು ಮಾಸ್ತರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಕಲಿಸುವುದರಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. "ಯೂರಿಯಾ ನೀರಲ್ಲಿ ಅಮೋನಿಯಾ ಆಗುತ್ತೆ. ಪಿಎಚ್ ಏರಿದಷ್ಟೂ, ಅಂದರೆ ನೀರು ಕ್ಷಾರವಾದಷ್ಟೂ, ಅದರ ವಿಷ ಜಾಸ್ತಿ. ಅದಿರಲಿ, ಲೈಟು ಎಷ್ಟು ತಾಸು ಹಚ್ಚುತ್ತೀಯಾ?"

"ಬೆಳಗ್ಗೆ ಪೂಜೆ ಹೊತ್ತಿಗೆ ಹಚ್ಚಿದರೆ ರಾತ್ರಿ ಧಾರಾವಾಹಿ ಮುಗಿಯುವ ತನಕ. ಬೆಳಕು ಜಾಸ್ತಿ ಆದರೆ ಗಿಡಕ್ಕೆ ಒಳ್ಳೆಯದಲ್ವಾ?"

"ಪಾಚಿಗೆ ಒಳ್ಳೆಯದು. ಬೆಳಕು ಏರಿಸಿದರೆ ಗಿಡದ ಹಸಿವು ಏರುತ್ತೆ. ಊಟ ಅಷ್ಟೇ ಇದ್ದರೆ ಮಿಕ್ಕ ಬೆಳಕೆಲ್ಲ ಪಾಚಿ ಪಾಲು. ಆರೆಂಟು ತಾಸು ಸಾಕು."

ಊಟ ಅಂದರೆ ಇಂಗಾಲದ ಡೈಆಕ್ಸೈಡ್ ಕೂಡ ಸೇರಿತು ಎಂದು ಗೊತ್ತಾದದ್ದೇ ತಡ, ಈರಣ್ಣ ಗೋಲಿ ಸೋಡಾ ಸುರಿಯಲು ಹೊರಟ. ಅದು ಬೇಡ, ಬಾಟಲಿಯಲ್ಲಿ ಬೆಲ್ಲದ ನೀರಿಗೆ ಚಿಟಿಕೆ ಈಸ್ಟ್ ಹಾಕಿ, ಮುಚ್ಚಳಕ್ಕೆ ಸಣ್ಣ ಪೈಪು ಕೂರಿಸಿ ಟ್ಯಾಂಕಿಗೆ ಬಿಟ್ಟರೆ ಗುಳ್ಳೆ ಗುಳ್ಳೆಯಾಗಿ ಬರುತ್ತೆ ಎಂದರು ಮಾಸ್ತರು. ಲೀಟರಿಗೆ 30 ಮಿಲಿಗ್ರಾಂ ದಾಟಬಾರದು, ದಾಟಿದರೆ ಮೀನಿಗೆ ಉಸಿರು ಕಟ್ಟುತ್ತೆ.

"ಮಹಾಲಿಂಗಪುರದ ಬೆಲ್ಲ ನಾನು ಕೊಡ್ತೀನಿ," ಎಂದ ಈರಣ್ಣ.

"ಬೆಲ್ಲ, ಈಸ್ಟು, ಬಾಟಲಿ, ಪೈಪು, ಮೇಲೆ ಹುಳಿ ವಾಸನೆ. ಪಕ್ಕದ ಮನೆಯವರು ಏನಂದುಕೊಳ್ಳಬೇಕು?" ಎಂದು ಬಸು ಕಿಟಕಿ ಕಡೆ ನೋಡಿದ. ಅವನ ಪಕ್ಕದ ಮನೆಯವರು ಅಬಕಾರಿ ಇಲಾಖೆಯಲ್ಲಿದ್ದಾರೆ. ಆ ವಿಚಾರ ಅಲ್ಲಿಗೇ ಬಿತ್ತು.

ಒಂದು ಅನುಬಿಯಾಸ್ ಗಿಡದ ದಪ್ಪ ಬುಡವನ್ನು ಬಸು ಪೂರ್ತಿ ಮರಳಲ್ಲಿ ಹೂತಿದ್ದ, ಅದು ಕೊಳೆತಿತ್ತು. ಅದನ್ನು ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು, ಅಷ್ಟೆ.

ಅಸಲಿ ಪಾಠ ಅಮೆಜಾನ್ ಸ್ವೋರ್ಡ್ ಗಿಡದಲ್ಲಿತ್ತು. ಮಾಸ್ತರು ಕನ್ನಡಕ ಏರಿಸಿ ಗಾಜಿಗೆ ಮೂಗು ಹಚ್ಚಿದರು. ಕೆಳಗಿನ ಹಳೆ ಎಲೆಗಳು ಕಡು ಹಸಿರು. ನಡುವಿನಿಂದ ಬಂದ ಹೊಸ ಎಲೆ ಮಾತ್ರ ಬಿಳಿಚಿಕೊಂಡಿತ್ತು. ಅದರ ನರಗಳಷ್ಟೇ ಹಸಿರು ಗೆರೆಗಳಾಗಿ ಉಳಿದಿದ್ದವು.

"ಹಳೆ ಎಲೆ ಹಳದಿಯಾದರೆ ಸಾರಜನಕ ಕಡಿಮೆ. ಹಳೆ ಎಲೆಗೆ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಷಿಯಂ. ಹೊಸದೇ ಹೀಗಾದರೆ..." ಎನ್ನುವಷ್ಟರಲ್ಲಿ ಈರಣ್ಣ ಎದ್ದು ನಿಂತ.

"ಕಬ್ಬಿಣ! ಸುಣ್ಣದ ಭೂಮಿಯಲ್ಲಿ ನಮ್ಮ ಕಬ್ಬಿಗೂ ಇದೇ ಆಗೋದು. ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಅಲ್ಲಲೇ, ನಿನ್ನ ಟ್ಯಾಂಕಲ್ಲಿ ಸುಣ್ಣ ಎಲ್ಲಿಂದ ಬಂತು?"

ನಮ್ಮೆಲ್ಲರ ಕಣ್ಣು ಒಳಗಿದ್ದ ಬೂದು ಕಲ್ಲುಗಳ ಮೇಲೆ ಹೋಯಿತು. ಚಂದ ಕಂಡವು ಅಂತ ಲೋಕಾಪುರ ಕಡೆಯಿಂದ ಹೇರಿಕೊಂಡು ಬಂದಿದ್ದನಂತೆ. ಸುಣ್ಣಕಲ್ಲಿಗೆ ಹೆಸರಾದ ಸೀಮೆ ಅದು! ಒಂದನ್ನು ಹಿತ್ತಲಿಗೆ ಒಯ್ದು ಬಾತ್‌ರೂಮ್ ತೊಳೆಯುವ ಆಸಿಡ್ ಎರಡು ಹನಿ ಬಿಟ್ಟೆವು. ಬುಸ್ ಎಂದು ನೊರೆ ಎದ್ದಿತು, ಸುಣ್ಣವೇ. ಮಾಸ್ತರರಿಗೆ ಮಗ ಪಾಸಾದಷ್ಟು ಸಂತೋಷ.

"ಇಳಕಲ್ ಗ್ರಾನೈಟ್ ಹಾಕು, ನೀರಿಗೆ ಏನೂ ಬಿಡಲ್ಲ. ಬೋರಿನ ನೀರೂ ಗಡುಸೇ, ಅರ್ಧ ಆರ್‌ಒ ನೀರು ಬೆರೆಸು. ಒಮ್ಮೆಲೇ ಬೇಡ, ವಾರ ವಾರ ಸ್ವಲ್ಪ ಸ್ವಲ್ಪ. ಬರೀ ಗಡುಸು ನೀರಲ್ಲೇ ಬೆಳೆಸ್ತೀನಿ ಅಂತ ಹಟ ಇದ್ದರೆ ವ್ಯಾಲಿಸ್ನೇರಿಯಾ ಗಿಡ ತಾ. ಅದು ಆ ನೀರಲ್ಲಿರುವ ಬೈಕಾರ್ಬೊನೇಟಿನಿಂದಲೇ ಇಂಗಾಲ ಎಳೆದುಕೊಳ್ಳುತ್ತೆ."

"ಕಬ್ಬಿಣ ನನ್ನ ಕಡೆ ಇದೆ," ಎಂದ ಈರಣ್ಣ. "ಕಬ್ಬಿಣ ಕರಗಿಯೇ ಇರುವ ಹಾಗೆ ಹಿಡಿದಿಡುವ ಪುಡಿ ಎರಡು ಥರ. ಇಡಿಟಿಎ ಪುಡಿ ಪಿಎಚ್ ಆರೂವರೆ ದಾಟಿದರೆ ಕೈ ಕೊಡುತ್ತೆ. ಡಿಟಿಪಿಎ ತರ್ತೀನಿ, ಏಳೂವರೆ ತನಕ ತಡೆಯುತ್ತೆ. ಎಷ್ಟು ಹಾಕೋಣ, ಒಂದು ಮುಷ್ಟಿ?"

"100 ಲೀಟರಿಗೆ 0.1 ಗ್ರಾಂ!" ಎಂದು ಮಾಸ್ತರು ಕೂಗಿದ ರಭಸಕ್ಕೆ ಬಸು ಹೆಂಡತಿ ಚಹಾ ತಟ್ಟೆ ಹಿಡಿದು ಹೊರಗೇ ಬಂದರು. ಹಿತ್ತಲಲ್ಲಿ ನೊರೆ ಕಾರುತ್ತಿದ್ದ ಕಲ್ಲು ನೋಡಿ, "ಇದನ್ನೆಲ್ಲ ಇವತ್ತೇ ಮನೆಯಿಂದ ಆಚೆ ಹಾಕಬೇಕು," ಎಂದರು.

"ಈರಣ್ಣ, ನಿನ್ನ ಟ್ರ್ಯಾಕ್ಟರ್ ಬಂದಾಗ ಹೊಲಕ್ಕೆ ಒಯ್ದುಬಿಡಪಾ," ಎಂದ ಬಸು.

"ನನ್ನ ಹೊಲದಲ್ಲಿ ಸುಣ್ಣ ಕಡಿಮೆ ಬಿದ್ದಿದೆ ಅಂತ ಯಾರು ಹೇಳಿದರು ನಿನಗೆ?"