ಅವರೆ ಬಳ್ಳಿ ಹೂ ಬಿಡಲಿಲ್ಲ, ಮಗ ಭೂಗೋಳ ಕಲಿತ

ರಜೆಯಲ್ಲಿ ಮಗನನ್ನು ಗಣಿತ, ಸೈನ್ಸ್ ಅಂತ ಯಾವ ಕ್ಲಾಸಿಗೆ ಸೇರಿಸಲಿ ಅಂತ ಈ ಗುಂಪಲ್ಲಿ ಒಬ್ಬರು ಕೇಳಿದ್ದಿರಲ್ಲ, ನನ್ನ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ. ದುಡ್ಡು ಕಟ್ಟುವ ಮುಂಚೆ ಅಡುಗೆಮನೆ ಡಬ್ಬಗಳನ್ನು ಒಮ್ಮೆ ತೆಗೆದು ನೋಡಿ. ಮೆಂತ್ಯ, ಹೆಸರುಕಾಳು, ಕಡಲೆ, ಅವರೆಕಾಳು. ಇಷ್ಟು ಸಾಕು. ಮಕ್ಕಳಿಗೇ ಅಂತ ಆನ್‌ಲೈನಲ್ಲಿ ಸಿಗುವ ಬಣ್ಣಬಣ್ಣದ ಕಿಟ್ ನಾವೂ ತರಿಸಿದ್ದೆವು, 25 ಡಾಲರ್ ಕೊಟ್ಟು. ಒಂದು ಬೀಜವೂ ಮೊಳೆಯಲಿಲ್ಲ. ಪಕ್ಕದಲ್ಲೇ ಸುಮ್ನೆ ಉದುರಿಸಿದ್ದ ಮೆಂತ್ಯ ಮೂರನೇ ದಿನಕ್ಕೆ ತಲೆ ಎತ್ತಿತ್ತು.

ನಾವಿರುವುದು ನ್ಯೂಜೆರ್ಸಿಯ ಎಡಿಸನ್ ಹತ್ತಿರ. ಮೇ ಎರಡನೇ ವಾರದವರೆಗೂ ಇಲ್ಲಿ ಫ್ರಾಸ್ಟ್, ಅಂದರೆ ರಾತ್ರಿ ಗಿಡ ಸುಡುವ ಹಿಮದ ಭಯ, ಹಾಗಾಗಿ ಏಪ್ರಿಲಲ್ಲಿ ಕಿಟಕಿ ಪಕ್ಕ ಖಾಲಿ ಮೊಸರಿನ ಡಬ್ಬಗಳಲ್ಲಿ ಶುರು ಮಾಡಿದೆವು. ತಳಕ್ಕೆ ತೂತು ಮಾಡೋದು ಮರೆಯಬೇಡಿ. ನಮ್ಮ ಮೊದಲ ಸುತ್ತು ಕೊಳೆತುಹೋಗಿದ್ದು ಅದಕ್ಕೇ.

ಮೊದಲ ಪಾಠ ನಾನು ಹೇಳಿಕೊಟ್ಟಿದ್ದಲ್ಲ, ಆರು ವರ್ಷದ ಮಗಳು ಕಂಡುಹಿಡಿದಿದ್ದು. ಹೆಸರುಕಾಳು ಮೊಳೆತಾಗ ಕಾಳಿನ ಎರಡು ಹೋಳೂ ಮಣ್ಣಿಂದ ಮೇಲೆದ್ದು ಬರುತ್ತವೆ, ಸಿಪ್ಪೆ ಇನ್ನೂ ಟೋಪಿ ಥರ ಅಂಟಿಕೊಂಡಿರುತ್ತೆ. ಕಡಲೆಯದು ಹಾಗಲ್ಲ. ಚಿಗುರು ಮಾತ್ರ ಮೇಲೆ, ಕಾಳು ಮಣ್ಣೊಳಗೇ. "ಕಡ್ಲೆ ಎಲ್ಲೋಯ್ತು?" ಅಂತ ಬೆರಳು ಹಾಕಿ ಕೆದಕಿ ಎರಡು ಸಸಿ ಹಾಳು ಮಾಡಿದಳು. ಹೋಗಲಿ ಬಿಡಿ, ಇನ್ನು ಮರೆಯಲ್ಲ.

ಗಣಿತ ತಾನಾಗಿ ಬಂತು. 20 ಅವರೆಕಾಳು ರಾತ್ರಿ ನೆನೆಹಾಕಿ ಊರಿದೆವು, 11 ಮೊಳೆತವು. ನೂರು ಹಾಕಿದ್ದರೆ ಎಷ್ಟು ಬರ್ತಿತ್ತು ಅಂದೆ, ಮಗ ಸ್ವಲ್ಪ ಹೊತ್ತು ಸೂರು ನೋಡಿ 55 ಅಂದ. ಆಮೇಲೆ ವಾರಕ್ಕೊಮ್ಮೆ ಟೇಪ್ ಹಿಡಿದು ಬಳ್ಳಿ ಅಳೆದು ಗ್ರಾಫ್ ಹಾಕಿದ. ಇಂಚಾ ಸೆಂಟಿಮೀಟರಾ ಅಂತ ನನಗೂ ಮಗನಿಗೂ ಜಗಳವೂ ಆಯ್ತು.

ನಿಜವಾದ ಪಾಠ ಅವರೆಯದ್ದೇ. ಮೇ ಕೊನೆಗೆ ಹಿತ್ತಲಿನ ಬೇಲಿಗೆ ಹಬ್ಬಿಸಿದೆವು. ಜುಲೈ, ಆಗಸ್ಟ್ ಪೂರ್ತಿ ಬಳ್ಳಿ ಬೆಳೆದಿದ್ದೇ ಬೆಳೆದಿದ್ದು, ಪಕ್ಕದ ಮನೆಯವರ ಕಡೆಗೂ ಹೋಯ್ತು, ಆದರೆ ಒಂದು ಮೊಗ್ಗಿಲ್ಲ. ಮಗನಿಗೆ ಸಿಟ್ಟು. ಕೊನೆಗೆ ಬೆಂಗಳೂರು ಹತ್ತಿರ ಮಾಗಡಿ ಕಡೆ ಇರುವ ತಾತನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ. ನಮ್ಮಪ್ಪ ನಕ್ಕು, "ಅದು ಹಗಲು ಚಿಕ್ಕದಾಗ್ಲಿ ಅಂತ ಕಾಯ್ತಾ ಕೂತಿದೆ ಕಣೋ. ನಾವು ರಾಗಿ ಹೊಲದಲ್ಲಿ ಮಧ್ಯೆ ಮಧ್ಯೆ ಅವರೆಯ ಅಕ್ಕಡಿ ಸಾಲು ಹಾಕಿದ್ರೂ ಕಾಯಿ ಬರೋದು ಮಾಗಿ ಚಳಿಗೇ" ಅಂದರು.

ಹಗಲು ಚಿಕ್ಕದಾಗೋದು ಅಂದರೇನು? ಮಗ ಫೋನಿನ ಹವಾಮಾನ ಆ್ಯಪಲ್ಲಿ ನಮ್ಮೂರು, ಬೆಂಗಳೂರು ಎರಡರ ಸೂರ್ಯೋದಯ, ಸೂರ್ಯಾಸ್ತ ನೋಡಿ ದಿನಾ ಬರೆದುಕೊಳ್ಳೋಕೆ ಶುರು ಮಾಡಿದ. ಜೂನ್ 21ರದ್ದನ್ನು ಹುಡುಕಿ ತೆಗೆದೆವು. ನಮ್ಮಲ್ಲಿ ಹಗಲು ಸುಮಾರು 15 ಗಂಟೆ, ಬೆಂಗಳೂರಲ್ಲಿ 13 ಗಂಟೆಗೂ ಸ್ವಲ್ಪ ಕಮ್ಮಿ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿ, ನಾವು 40 ದಾಟಿ ಇದ್ದೀವಿ. ಕಿತ್ತಳೆ ಹಣ್ಣನ್ನೇ ಭೂಮಿ ಅಂತ ಮಾಡಿ ಕಡ್ಡಿ ಚುಚ್ಚಿ, ಸ್ವಲ್ಪ ಓರೆ ಹಿಡಿದು, ಸೂರ್ಯನ ಬದಲು ಟಾರ್ಚ್ ಮುಂದೆ ತಿರುಗಿಸಿದ್ದು ಆ ರಾತ್ರಿಯೇ. ಸೆಪ್ಟೆಂಬರ್ 22ರ ಹೊತ್ತಿಗೆ ಪಟ್ಟಿಯಲ್ಲಿ ಎರಡೂ ಊರಿನ ಅಂಕಿ ಹೆಚ್ಚುಕಮ್ಮಿ ಒಂದೇ ಆದಾಗ ಅವನು ಕುಣಿದಿದ್ದು ನೋಡಬೇಕಿತ್ತು.

ಅಕ್ಟೋಬರ್ ಮೊದಲ ವಾರ ಹೂ ಬಿಟ್ಟಿತು. ಕೊನೇ ವಾರ ಫ್ರಾಸ್ಟ್ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬಳ್ಳಿ ಬೇಯಿಸಿದ ಸೊಪ್ಪಿನ ಥರ ಜೋತುಬಿದ್ದಿತ್ತು. ವೀಕೆಂಡ್ ಕನ್ನಡ ಶಾಲೆಗೆ ಮೂರು ವರ್ಷದಿಂದ ಹೋಗ್ತಿದ್ದರೂ ಇವನಿಗೆ ಹೂವು, ಹಣ್ಣು ಬಿಟ್ಟರೆ ನಡುವಿನ ಪದ ಬರ್ತಿರಲಿಲ್ಲ. ಆ ದಿನ ತಾತನಿಗೆ ಫೋನಲ್ಲಿ, "ತಾತ, ಹೀಚಾಗಿದ್ದಾಗ್ಲೇ ಸತ್ತೋಯ್ತು" ಅಂದ. ನಾನು, ನಮ್ಮವಳು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಣಗಿದ ಬಳ್ಳಿ ಕಿತ್ತಾಗ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವು. ಉಗುರಲ್ಲಿ ಸೀಳಿದರೆ ಕೆಲವು ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಇರೋದು ಅಲ್ಲೇ, ನಿಮ್ಮ ಮಕ್ಕಳಿಗೂ ಸೀಳಿ ತೋರಿಸಿ.

ಮಾರನೇ ವರ್ಷ ಮಗನೇ ಉಪಾಯ ಮಾಡಿದ. ಎರಡು ಕುಂಡ, ಎರಡರಲ್ಲೂ ಅವರೆ, ಎರಡೂ ಡೆಕ್ ಮೇಲೆ. ಜುಲೈ ಮೊದಲಿಂದ ಒಂದಕ್ಕೆ ಮಾತ್ರ ಸಂಜೆ ಆರಕ್ಕೆ ದೊಡ್ಡ ರಟ್ಟಿನ ಡಬ್ಬ ಮುಚ್ಚೋದು, ಬೆಳಿಗ್ಗೆ ಏಳಕ್ಕೆ ತೆಗೆಯೋದು. ಈ ಥರದ ಗಿಡಗಳು ಅಳೆಯೋದು ರಾತ್ರಿ ಎಷ್ಟು ಉದ್ದ ಅನ್ನೋದನ್ನ, ಮಧ್ಯೆ ಬೆಳಕು ಬಿದ್ದರೆ ಲೆಕ್ಕ ತಪ್ಪುತ್ತೆ. ನಮ್ಮ ಡಬ್ಬದ ಒಂದು ಮೂಲೆ ಹರಿದು ಡೆಕ್ ಲೈಟ್ ಒಳಗೆ ಹೋಗ್ತಿತ್ತು, ಟೇಪ್ ಅಂಟಿಸಿ ಮುಚ್ಚಿದೆವು. ಎರಡು ದಿನ ಪ್ರವಾಸಕ್ಕೆ ಹೋದಾಗ ಈ ಕೆಲಸಕ್ಕೆ ಪಕ್ಕದ ಮನೆ ಹುಡುಗನನ್ನು ಹಚ್ಚಿದ್ದ! ಆಗಸ್ಟ್ ಮಧ್ಯಕ್ಕೆ ಡಬ್ಬದ ಕುಂಡ ಹೂ ಬಿಟ್ಟಿತು. ಇನ್ನೊಂದು ಬರೀ ಎಲೆ. ಒಟ್ಟು ಸಿಕ್ಕಿದ್ದು 38 ಕಾಳು, ಎಣಿಸಿದ್ದು ಮಗಳು. ಹಿತಕಿದಬೇಳೆ ಸಾರಿಗೆ ಎಲ್ಲಿ ಸಾಲುತ್ತೆ, ಉಪ್ಪಿಟ್ಟಿಗೆ ಹಾಕಿದೆವು. ಸೊಗಡು ಅಂತೂ ಇರಲಿಲ್ಲ. ಇಬ್ಬನಿ ಬೀಳದೆ ಎಲ್ಲಿಂದ ಬರುತ್ತೆ ಅಂತಾರೆ ಅಪ್ಪ.

ಒಂದು ಮಾತು. ಊರಿಂದ ಬಿತ್ತನೆ ಬೀಜ ಸೂಟ್‌ಕೇಸಲ್ಲಿ ತುಂಬಿಕೊಂಡು ಬರಬೇಡಿ. ರೋಗ, ಕೀಟ ಇಲ್ಲ ಅನ್ನೋ ಸರ್ಕಾರಿ ಪೇಪರ್ ಇಲ್ಲದಿದ್ದರೆ ಏರ್‌ಪೋರ್ಟಲ್ಲಿ ಕಿತ್ತುಕೊಳ್ಳುತ್ತಾರೆ, ಹೇಳದೆ ತಂದರೆ ದಂಡ ಬೇರೆ. ನಾವು ಊರಿದ್ದು ಇಲ್ಲಿನ ಇಂಡಿಯನ್ ಸ್ಟೋರಿನ ಒಣ ಅವರೆಕಾಳೇ.

ಹಗಲು ಉದ್ದ ಇದ್ದರೂ ಹೂ ಬಿಡುವ ಹೆಬ್ಬಾಳ ಅವರೆ 3, 4 ಅಂತ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಮಾಡಿದ್ದಾರೆ. ಅಂಥದ್ದನ್ನು ಅಮೆರಿಕದಲ್ಲೇ ಬೆಳೆದು ಬೀಜ ಇಟ್ಟುಕೊಂಡವರು ಗುಂಪಲ್ಲಿ ಯಾರಾದರೂ ಇದ್ದೀರಾ? ಹತ್ತು ಕಾಳು ಸಾಕು, ಅಂಚೆ ಖರ್ಚು ನಾನು ಕೊಡ್ತೀನಿ. ಮಗ ಈ ಸಲ ಮೂರನೇ ಕುಂಡ ಇಡಬೇಕು ಅಂತ ಕೂತಿದ್ದಾನೆ.